ಸಾಕ್ಷಿ ಕೇಳಿದರೆ ಸೈನಿಕನಿಗೆ ಅವಮಾನವಾಗುವುದಿಲ್ಲ

2025ರ ಮೇ 8ರ ರಾತ್ರಿ, ಪಾಕಿಸ್ತಾನದೊಂದಿಗೆ ಕಾದಾಟ ನಡೆದಿದ್ದಾಗ, ನಮ್ಮ ದೇಶದ ಕೆಲವು ದೊಡ್ಡ ಟಿವಿ ಚಾನೆಲ್‌ಗಳು ಕರಾಚಿ ಬಂದರು ನಾಶವಾಯಿತು ಎಂದವು. ಇಸ್ಲಾಮಾಬಾದ್ ಕೈಸೇರಿತು ಎಂದವು. ಪಾಕಿಸ್ತಾನದ ಸೇನಾ ಮುಖ್ಯಸ್ಥನೇ ಬಂಧನದಲ್ಲಿದ್ದಾನೆ ಎಂದವು. ಬೆಳಗಾಗುವಷ್ಟರಲ್ಲಿ ಅದರಲ್ಲಿ ಒಂದೂ ನಿಜವಲ್ಲವೆಂದು ಗೊತ್ತಾಯಿತು. ಕರಾಚಿಯದೆಂದು ಹರಿದಾಡಿದ ಬೆಂಕಿಯ ದೃಶ್ಯ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಅದೇ ವರ್ಷದ ಆರಂಭದಲ್ಲಿ ಬಿದ್ದ ವಿಮಾನವೊಂದರದ್ದು. ಇದನ್ನು ಮುಂದಿಟ್ಟುಕೊಂಡು ನಾನು ಈ ಹಿಂದೆ ಆ ಚಾನೆಲ್‌ಗಳನ್ನು ಕೇಳಿದ್ದು ಎರಡೇ ಪ್ರಶ್ನೆ: ಯಾವ ಸಾಕ್ಷಿಯ ಮೇಲೆ ಹೇಳಿದಿರಿ? ಸುಳ್ಳೆಂದು ತಿಳಿದ ಮೇಲೆ ಅಷ್ಟೇ ಗಟ್ಟಿ ದನಿಯಲ್ಲಿ, ಅಷ್ಟೇ ಹೊತ್ತು ಯಾಕೆ ತಿದ್ದಿ ಹೇಳಲಿಲ್ಲ?

ಬಸವಕಲ್ಯಾಣದಿಂದಲೂ ಹುಮನಾಬಾದಿನಿಂದಲೂ ಇದಕ್ಕೆ ಸಿಟ್ಟಿನ ಮಾತುಗಳು ಬಂದವು. ಬೈಗುಳವನ್ನು ಬದಿಗಿಟ್ಟರೂ ಉತ್ತರ ಕೊಡಲೇಬೇಕಾದ ಆಕ್ಷೇಪಗಳು ಅವುಗಳಲ್ಲಿವೆ. ಎತ್ತಿದವರು ನನ್ನ ಊರಿನವರು, ನಾಳೆಯೂ ಮುಖ ಕೊಟ್ಟು ಮಾತಾಡಬೇಕಾದವರು. ಆದ್ದರಿಂದ ಯಾವುದನ್ನೂ ದಾಟಿ ಹೋಗುವುದಿಲ್ಲ.

ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಬಂದ ಮಾತು ಇದು: "ಕಾಕಾ, ಗಡಿಯಾಗ ಜವಾನರು ಜೀವ ಕೊಡ್ಲಾಕತ್ತಾರ, ನೀವಿಲ್ಲಿ ಕುಂತು ಸಾಕ್ಷಿ ಕೇಳ್ತೀರಿ. ಇದು ಅವರಿಗೆ ಮಾಡೋ ಅವಮಾನ ಅಲ್ಲೇನು?"

ಅಲ್ಲ. ಆ ರಾತ್ರಿ ಇಸ್ಲಾಮಾಬಾದ್ ಬಿತ್ತೆಂದು ಹೇಳಿದ್ದು ಜವಾನರಲ್ಲ. ಸೇನೆಯ ಯಾವ ಅಧಿಕಾರಿಯೂ ಹಾಗೆ ಹೇಳಿರಲಿಲ್ಲ. ಮೇ 7ರ ಬೆಳಿಗ್ಗೆ ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿ, ಕರ್ನಲ್ ಸೋಫಿಯಾ ಖುರೇಷಿ, ವಿಂಗ್ ಕಮಾಂಡರ್ ವ್ಯೋಮಿಕಾ ಸಿಂಗ್ ದೇಶದ ಮುಂದೆ ಬಂದು, ಒಂಬತ್ತು ಕಡೆ ಭಯೋತ್ಪಾದಕರ ನೆಲೆಗಳ ಮೇಲೆ ದಾಳಿ ನಡೆದಿದೆ ಎಂದು ಅಳೆದು ತೂಗಿ ಹೇಳಿದರು. ಮೇ 11ರಂದು ವಾಯುಪಡೆಯ ಏರ್ ಮಾರ್ಷಲ್ ಎ.ಕೆ. ಭಾರ್ತಿಯವರನ್ನು ನಮ್ಮ ಕಡೆಯ ನಷ್ಟದ ಬಗ್ಗೆ ಕೇಳಿದಾಗ, ಕಾದಾಟವೆಂದ ಮೇಲೆ ನಷ್ಟ ಇದ್ದೇ ಇರುತ್ತದೆ ಎಂದರು. ಮೇ 31ರಂದು ಸಿಂಗಪುರದಲ್ಲಿ ರಕ್ಷಣಾ ಪಡೆಗಳ ಮುಖ್ಯಸ್ಥ (ಸಿಡಿಎಸ್) ಜನರಲ್ ಅನಿಲ್ ಚೌಹಾಣ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಿಮಾನಗಳನ್ನು ಕಳೆದುಕೊಂಡಿದ್ದು ನಿಜವೆಂದು ಒಪ್ಪಿದರು. ಆರು ವಿಮಾನ ಬಿದ್ದವೆಂಬ ಪಾಕಿಸ್ತಾನದ ಲೆಕ್ಕ ಸುಳ್ಳೆಂದೂ ಹೇಳಿದರು. ಎಷ್ಟು ಬಿದ್ದವು ಎನ್ನುವುದಕ್ಕಿಂತ ಯಾಕೆ ಬಿದ್ದವು, ಅದರಿಂದ ಏನು ಕಲಿತೆವು ಎನ್ನುವುದು ಮುಖ್ಯ ಎಂಬುದು ಅವರ ನಿಲುವಾಗಿತ್ತು. ಸಮವಸ್ತ್ರ ತೊಟ್ಟವರು ಮಾತಾಡಿದ ರೀತಿ ಇದು. ನಷ್ಟವನ್ನು ಒಪ್ಪುವ ಎದೆಗಾರಿಕೆ ಅವರಲ್ಲಿತ್ತು, ಸ್ಟುಡಿಯೊದಲ್ಲಿ ಇರಲಿಲ್ಲ.

ಅದೇ ಸಿಂಗಪುರದಲ್ಲಿ ಜನರಲ್ ಚೌಹಾಣ್ ಹೇಳಿದ ಇನ್ನೊಂದು ಮಾತನ್ನು ನನ್ನ ಆಕ್ಷೇಪಕರು ಗಮನಿಸಿದಂತಿಲ್ಲ. ಕಾರ್ಯಾಚರಣೆಯ ವೇಳೆ ಸಶಸ್ತ್ರ ಪಡೆಗಳ ಶೇ 15ರಷ್ಟು ಸಮಯ ಸುಳ್ಳು ಕಥೆಗಳನ್ನು ಎದುರಿಸುವುದಕ್ಕೇ ಹೋಯಿತು ಎಂದರು ಅವರು. ಸುಳ್ಳು ಬಹುಪಾಲು ಗಡಿಯಾಚೆಯಿಂದ ಬಂತು, ನಿಜ. ಆದರೆ ಇಲ್ಲಿ ಹುಟ್ಟಿದ ಸುಳ್ಳೂ ಆ ಹೊರೆಗೆ ಸೇರಿತು. ಕ್ಷಿಪಣಿ, ಡ್ರೋನ್ ನೋಡಿಕೊಳ್ಳಬೇಕಾದ ಹೊತ್ತಿನಲ್ಲಿ ಅಧಿಕಾರಿಗಳು ಪ್ರಕಟಣೆ ಬರೆಯುತ್ತ ಕೂರಬೇಕಾದರೆ ಸೈನಿಕನ ಕೆಲಸಕ್ಕೆ ಅಡ್ಡಿ ಮಾಡಿದವರು ಯಾರು?

ಇನ್ನು ಅವಮಾನದ ಮಾತು. ಮೇ 10ರಂದು ಕದನ ನಿಂತಿತು. ಆ ವಿಷಯವನ್ನು ದೇಶಕ್ಕೆ ತಿಳಿಸಿದ ಮಿಸ್ರಿಯವರನ್ನು ಆ ರಾತ್ರಿಯೇ ಎಷ್ಟು ಹೀನಾಯವಾಗಿ ಬೈದರೆಂದರೆ ಅವರು ತಮ್ಮ ಎಕ್ಸ್ ಖಾತೆಯನ್ನು ಹೊರಗಿನವರಿಗೆ ಮುಚ್ಚಬೇಕಾಯಿತು. ಅವರ ಮಗಳನ್ನೂ ಬಿಡಲಿಲ್ಲ. ಕರ್ನಲ್ ಖುರೇಷಿಯವರ ಬಗ್ಗೆ ಮಧ್ಯಪ್ರದೇಶದ ಸಚಿವರೊಬ್ಬರು ಆಡಿದ ಮಾತಿಗೆ ಅಲ್ಲಿನ ಹೈಕೋರ್ಟ್ ತಾನಾಗಿ ಮುಂದೆ ಬಂದು ಎಫ್‌ಐಆರ್ ದಾಖಲಿಸಲು ಹೇಳಿತು. ಇವರಿಬ್ಬರನ್ನು ಅವಮಾನಿಸಿದವರು ಸಾಕ್ಷಿ ಕೇಳಿದವರಲ್ಲ. ಇಸ್ಲಾಮಾಬಾದ್ ನಮ್ಮದಾಯಿತೆಂದು ನಂಬಿಸಿದ್ದರಿಂದಲೇ, ಎರಡು ದಿನದ ಮೇಲೆ ಕದನ ನಿಂತಾಗ ಜನಕ್ಕೆ ಅದು ಮೋಸದಂತೆ ಕಂಡಿತು. ಆ ಸಿಟ್ಟು ಸ್ಟುಡಿಯೊದ ಮೇಲೆ ತಿರುಗಬೇಕಿತ್ತು, ಸುದ್ದಿ ತಂದ ಅಧಿಕಾರಿಯ ಮೇಲೆ ತಿರುಗಿತು.

ಎರಡನೆಯ ಆಕ್ಷೇಪ ಸ್ವಲ್ಪ ಮೆದು ದನಿಯದು. "ಆವೇಶದಲ್ಲಿ ನಾಲ್ಕು ಮಾತು ಹೆಚ್ಚು ಆಡಿರಬಹುದು. ಅದರಿಂದ ಯಾರಿಗೇನು ನಷ್ಟವಾಯಿತು?"

ಪೂಂಚ್‌ನ ಒಬ್ಬ ಮದರಸಾ ಶಿಕ್ಷಕರಿಗೆ ಆಯಿತು. ಮೇ 7ರಂದು ಪಾಕಿಸ್ತಾನ ಹಾರಿಸಿದ ಶೆಲ್‌ಗೆ ಅವರು ಬಲಿಯಾದರು. ಭಾರತದ ಪ್ರಜೆ, ಭಾರತದ ನೆಲದಲ್ಲಿ, ಶತ್ರುವಿನ ಗುಂಡಿಗೆ ಸತ್ತರು. ಕೆಲವು ರಾಷ್ಟ್ರೀಯ ಚಾನೆಲ್‌ಗಳು ಅವರ ಫೋಟೊ ತೋರಿಸಿ, ನಮ್ಮ ಸೇನೆ ಕೊಂದ ಭಯೋತ್ಪಾದಕ ಎಂದವು. ಅದು ಸುಳ್ಳು, ಆ ವ್ಯಕ್ತಿಗೆ ಯಾವ ಭಯೋತ್ಪಾದಕ ಸಂಘಟನೆಯ ನಂಟೂ ಇಲ್ಲ ಎಂದು ಪೂಂಚ್ ಪೊಲೀಸರೇ ಪ್ರಕಟಣೆ ಹೊರಡಿಸಬೇಕಾಯಿತು. ಆಮೇಲೆ ಅಲ್ಲಿನ ನ್ಯಾಯಾಲಯ ಚಾನೆಲ್‌ಗಳ ವಿರುದ್ಧ ಪ್ರಕರಣ ದಾಖಲಿಸಲು ಆದೇಶಿಸಿತು. ಮನೆಯಲ್ಲಿ ಹೆಣ ಇರುವಾಗ, ಸತ್ತವನು ದೇಶದ್ರೋಹಿ ಅಲ್ಲವೆಂದು ಊರಿಗೆಲ್ಲ ಹೇಳಿಕೊಂಡು ತಿರುಗಬೇಕಾದ ಆ ಕುಟುಂಬದ ಜಾಗದಲ್ಲಿ ನಮ್ಮ ಮನೆಯವರನ್ನು ಇಟ್ಟು ನೋಡಬೇಕು. ಆಗ ನಷ್ಟ ಏನೆಂಬ ಪ್ರಶ್ನೆ ಬಾಯಿಗೆ ಬರುವುದಿಲ್ಲ.

ನಮ್ಮ ರಾಜ್ಯದ್ದೇ ಬೇಕೆಂದರೆ ಮಂಗಳೂರಿನ ಹತ್ತಿರದ ಕುಡುಪು ಇದೆ. ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದ ಏಪ್ರಿಲ್ 22ರ ದಾಳಿ ಮುಗಿದು ಐದೇ ದಿನ. ಕ್ರಿಕೆಟ್ ಆಡುತ್ತಿದ್ದ ಜಾಗದಲ್ಲಿ ಕೇರಳದ ಒಬ್ಬನನ್ನು ಗುಂಪು ಹೊಡೆದು ಕೊಂದಿತು. ಅವನು ಪಾಕಿಸ್ತಾನಕ್ಕೆ ಜೈಕಾರ ಹಾಕಿದ್ದ ಎಂಬ ಮಾತು ತನಿಖೆಗೆ ಮೊದಲೇ ರಾಜ್ಯವೆಲ್ಲ ಹಬ್ಬಿತು. ಗೃಹ ಸಚಿವ ಜಿ. ಪರಮೇಶ್ವರ ಅವರ ಬಾಯಲ್ಲೂ ಬಂತು, ಆಮೇಲೆ ಅದು ಆರೋಪಿಗಳು ಹೇಳಿದ ಮಾತು ಎಂದು ಅವರು ಸ್ಪಷ್ಟನೆ ಕೊಟ್ಟರು. ಅಷ್ಟರಲ್ಲಿ ಕೊಲೆಯಾದವನ ಮೇಲೆಯೇ ಅಪವಾದ ಹೊರಿಸಿ ಆಗಿತ್ತು. ಕರ್ತವ್ಯಲೋಪಕ್ಕೆ ಮೂವರು ಪೊಲೀಸರು ಅಮಾನತಾದರು. ಆ ಸಚಿವರು ಯಾವ ಪಕ್ಷದವರು ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಲಿ. ಮುಂದೆ ನನ್ನ ಮೇಲಿನ ಒಂದು ಆರೋಪಕ್ಕೆ ಉತ್ತರಿಸುವಾಗ ಬೇಕಾಗುತ್ತದೆ.

ಈಗ ಮೂರನೆಯದು. ಇದನ್ನು ಬರೆದವರು ಓದಿದವರು, ತಮ್ಮ ವಾದದ ಮೇಲೆ ಗಟ್ಟಿ ನಂಬಿಕೆ ಇಟ್ಟವರು. ಅವರ ಮಾತಿನ ಸಾರ ಹೀಗಿದೆ: ಯುದ್ಧದಲ್ಲಿ ಸುಳ್ಳೂ ಒಂದು ಆಯುಧ. ನಮ್ಮ ಜನರ ಧೈರ್ಯ ಹೆಚ್ಚಬೇಕು, ಶತ್ರುವಿನ ಎದೆ ನಡುಗಬೇಕು. ಅದಕ್ಕಾಗಿ ಆಡಿದ ಸುಳ್ಳು ಪಾಪವಲ್ಲ.

ಈ ವಾದಕ್ಕೆ ಮಹಾಭಾರತದಿಂದ ಉದಾಹರಣೆ ತರುವುದು ರೂಢಿ. ನಾನು ನಮ್ಮ ತಾಲೂಕಿನಿಂದಲೇ ತರುತ್ತೇನೆ. ಶತ್ರುವಿಗೆ ಸುಳ್ಳು ಹೇಳುವುದು ಸೇನೆಯ ತಂತ್ರ. ಅದನ್ನು ಸೇನೆ ಯೋಚಿಸಿ, ಗುಟ್ಟಾಗಿ ಮಾಡುತ್ತದೆ. ತನ್ನ ಜನಕ್ಕೇ ಸುಳ್ಳು ಹೇಳುವುದು ಬೇರೆ ವಿಷಯ. ಅದು ಏನು ಮಾಡುತ್ತದೆ ಎಂದು ಬೀದರ್ ಜಿಲ್ಲೆಯಷ್ಟು ಚೆನ್ನಾಗಿ ಕಂಡವರು ಕಡಿಮೆ.

1948ರಲ್ಲಿ ನಾವು ಹೈದರಾಬಾದ್ ಸಂಸ್ಥಾನದ ಪ್ರಜೆಗಳು. ನಿಜಾಮರ ಪರ ನಿಂತ ರಜಾಕಾರರೆಂಬ ಪಡೆಯ ನಾಯಕ ಕಾಸಿಂ ರಜ್ವಿ ಲಾತೂರಿನ ವಕೀಲ, ಮಾತಿನ ಮೋಡಿಗಾರ. ದೆಹಲಿಯ ಕೆಂಪುಕೋಟೆಯ ಮೇಲೆ ಆಸಫ್‌ಜಾಹಿ ಬಾವುಟ ಹಾರಿಸುವ ಮಾತನ್ನು ಆತ ಸಭೆಗಳಲ್ಲಿ ಆಡುತ್ತಿದ್ದ. ಭಾರತದ ಸೇನೆ ಬಂದರೆ ಉಳಿಯುವುದಿಲ್ಲ ಎಂಬ ಭರವಸೆ ಊರೂರಿಗೆ ಹಂಚಿದ. ಸಂಸ್ಥಾನದ ಪಡೆಗಳ ದಂಡನಾಯಕ ಎಲ್ ಇದ್ರೂಸ್‌ಗೆ ತನ್ನ ಬಲ ಎಷ್ಟೆಂದು ಗೊತ್ತಿತ್ತು. ಆದರೆ ಹಳ್ಳಿಯಲ್ಲಿದ್ದ ಸಾಮಾನ್ಯ ಮುಸಲ್ಮಾನನ ಕಿವಿಗೆ ಬಿದ್ದದ್ದು ರಜ್ವಿಯ ಮಾತು, ದಂಡನಾಯಕನ ಲೆಕ್ಕವಲ್ಲ. ನಿಜ ಹೇಳಲು ಹೊರಟವರಿಗೆ ಏನಾಯಿತು? 'ಇಮ್ರೋಜ್' ಎಂಬ ಉರ್ದು ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನ್ ಭಾರತದೊಂದಿಗೆ ಸೇರುವುದೇ ಒಳಿತೆಂದು ಬರೆದರು, ರಜಾಕಾರರ ಹಾವಳಿಯನ್ನು ಖಂಡಿಸಿದರು. 1948ರ ಆಗಸ್ಟ್‌ನಲ್ಲಿ ಹೈದರಾಬಾದಿನ ಬೀದಿಯಲ್ಲಿ ಅವರನ್ನು ಕೊಂದರು, ಬರೆಯುವ ಕೈಯನ್ನೇ ಕಡಿದರು. ಆ ದಿನಗಳಲ್ಲಿ ಅವರ ಮೇಲಿದ್ದ ಆರೋಪವೂ ದ್ರೋಹವೇ.

ಅದಾದ ಸುಮಾರು ಮೂರು ವಾರಕ್ಕೆ, ಸೆಪ್ಟೆಂಬರ್ 13ರ ನಸುಕಿನಲ್ಲಿ, ಮೇಜರ್ ಜನರಲ್ ಜೆ.ಎನ್. ಚೌಧರಿಯವರ ಪಡೆ ಸೋಲಾಪುರದಿಂದ ಹೊರಟಿತು. ನಳದುರ್ಗ ಬಿತ್ತು. ಉಮರ್ಗಾ ದಾಟಿತು. ಮರುದಿನ ಮಧ್ಯಾಹ್ನದ ಹೊತ್ತಿಗೆ ವಾಯುಪಡೆಯ ಟೆಂಪೆಸ್ಟ್ ವಿಮಾನಗಳು ದಾರಿಯ ಹೊಂಚುತಾಣಗಳನ್ನು ಒಡೆದ ಮೇಲೆ ನಮ್ಮ ರಾಜೇಶ್ವರ ಸೇನೆಯ ಕೈಗೆ ಬಂತು. ಇಂದು ಬಸ್ಸಿನಲ್ಲಿ ರಾಜೇಶ್ವರ ದಾಟಿ ಹುಮನಾಬಾದಿಗೆ ಹೋಗುವವರು ಕೂತು ಸಾಗುವುದು ಆ ಸೇನೆ ಸಾಗಿದ ದಾರಿಯಲ್ಲೇ. ಹುಮನಾಬಾದಿನಿಂದ ಜಹೀರಾಬಾದ್ ಕಡೆಗೆ ಪಡೆ ಮುಂದುವರಿಯಿತು, 17ರ ನಸುಕಿನಲ್ಲಿ ಸೇನೆ ಬೀದರ್ ಹೊಕ್ಕಿತು. ಅಂದು ಸಂಜೆಯೇ ನಿಜಾಮರು ಕದನ ನಿಲ್ಲಿಸಿದರು, 18ರಂದು ಎಲ್ ಇದ್ರೂಸ್ ಶರಣಾದರು. ಐದು ದಿನಗಳ ಮಾತು. ಕೆಂಪುಕೋಟೆಯ ಬಾವುಟದ ಮಾತಿಗೆ ಇದ್ದ ಆಯುಷ್ಯ ಅಷ್ಟು.

ರಜ್ವಿಯ ಸುಳ್ಳಿನಿಂದ ಭಾರತದ ಸೇನೆಯ ಎದೆ ನಡುಗಲಿಲ್ಲ. ಅದು ನಾಶ ಮಾಡಿದ್ದು ಅದನ್ನು ನಂಬಿದವರನ್ನು. ಸೋಲು ಖಚಿತವೆಂದು ಗೊತ್ತಿದ್ದರೆ ಎಷ್ಟೋ ಮನೆಯವರು ರಜಾಕಾರರ ಸಹವಾಸವನ್ನೇ ಮಾಡುತ್ತಿರಲಿಲ್ಲ, ನೆರೆಯವರೊಡನೆ ಮೊದಲೇ ರಾಜಿಯಾಗುತ್ತಿದ್ದರು, ಮಕ್ಕಳನ್ನು ದೂರದ ನೆಂಟರ ಮನೆಗೆ ಕಳಿಸುತ್ತಿದ್ದರು. ಸೆಪ್ಟೆಂಬರ್ ನಂತರದ ವಾರಗಳಲ್ಲಿ ಈ ಜಿಲ್ಲೆಯಲ್ಲಿ ಏನಾಯಿತೆಂಬುದಕ್ಕೆ ಮುಂದೆ ಬರುತ್ತೇನೆ. ರಜ್ವಿ ಮಾತ್ರ ಸೆರೆವಾಸ ಮುಗಿಸಿ 1957ರಲ್ಲಿ ಪಾಕಿಸ್ತಾನಕ್ಕೆ ಹೋಗಿ, 1970ರವರೆಗೆ ಕರಾಚಿಯಲ್ಲಿ ಬದುಕಿದ. ನಂಬಿದವರು ಇಲ್ಲಿಯೇ ಉಳಿದರು, ಕೆಲವರು ಮನೆಯಲ್ಲಿ, ಹಲವರು ಮಣ್ಣಲ್ಲಿ.

ಇಷ್ಟು ಹೇಳಿದ ಕೂಡಲೇ, ನಮ್ಮ ಸೇನೆಯನ್ನು ರಜಾಕಾರರಿಗೆ ಹೋಲಿಸಿದಿರಿ ಎಂಬ ಕೂಗು ಏಳುತ್ತದೆಂದು ಬಲ್ಲೆ. ಹೋಲಿಸಿಲ್ಲ. ಸೇನೆ ಆ ರಾತ್ರಿಯ ಸುಳ್ಳನ್ನು ಹೇಳಲಿಲ್ಲವೆಂದು ಮೇಲೆಯೇ ಬರೆದಿದ್ದೇನೆ. ಸ್ವಂತ ಜನರ ಧೈರ್ಯಕ್ಕಾಗಿ ಆಡಿದ ಬಡಾಯಿ ಯಾರ ಬಾಯಿಂದ ಬಂದರೂ ಒಂದೇ ಕೆಲಸ ಮಾಡುತ್ತದೆ ಎನ್ನುವುದಷ್ಟೇ ನನ್ನ ಮಾತು. ಅಪಾಯ ಎಷ್ಟು ದೊಡ್ಡದು, ಎಲ್ಲಿಂದ ಬರುತ್ತಿದೆ ಎಂದು ಅಳೆಯುವ ಶಕ್ತಿಯನ್ನು ಅದು ಜನರಿಂದ ಕಸಿದುಕೊಳ್ಳುತ್ತದೆ. ಮೇ ತಿಂಗಳಲ್ಲಿ ಚಾನೆಲ್‌ಗಳು ಕಾರ್ಯಕ್ರಮದ ಹಿನ್ನೆಲೆಗೆ ವಾಯುದಾಳಿಯ ಸೈರನ್ ಸದ್ದನ್ನು ಹಾಕತೊಡಗಿದಾಗ, ಹಾಗೆ ಮಾಡಬೇಡಿ ಎಂದು ಕೇಂದ್ರ ಸರ್ಕಾರದ ನಾಗರಿಕ ರಕ್ಷಣಾ ನಿರ್ದೇಶನಾಲಯವೇ ಹೇಳಿತು. ದಿನವಿಡೀ ಸೈರನ್ ಕೇಳಿದ ಕಿವಿ, ನಿಜವಾದ ಸೈರನ್ ಕೂಗಿದಾಗ ಮನೆಯೊಳಗಿಂದ ಏಳುವುದಿಲ್ಲ ಎಂಬುದು ಅದರ ಆತಂಕ. ಧೈರ್ಯ ತುಂಬುವ ಸುಳ್ಳಿನ ವಾದ ಮಾಡುವವರು, ಅದೇ ಸರ್ಕಾರ ಈ ಸದ್ದನ್ನು ಯಾಕೆ ತಡೆಯಿತೆಂದು ಒಮ್ಮೆ ಯೋಚಿಸಲಿ.

"ಪಾಕಿಸ್ತಾನದ ಮಾಧ್ಯಮ ಇದಕ್ಕಿಂತ ಹತ್ತು ಪಟ್ಟು ಸುಳ್ಳು ಹೇಳಿತು, ಅವರ ಬಗ್ಗೆ ಬರೆಯಿರಿ" ಎಂದವರ ಮೊದಲರ್ಧದ ಮಾತಿಗೆ ನನ್ನ ತಕರಾರಿಲ್ಲ. ಪಾಕಿಸ್ತಾನ ಸರ್ಕಾರದ ಖಾತೆಯೇ ವಿಡಿಯೊ ಗೇಮ್‌ನ ತುಣುಕನ್ನು ಯುದ್ಧದ ದೃಶ್ಯವೆಂದು ಹಂಚಿತು. ಅವರ ಉಪ ಪ್ರಧಾನಿ ಇಶಾಕ್ ದಾರ್, ತಮ್ಮ ವಾಯುಪಡೆಯನ್ನು ಬ್ರಿಟನ್ನಿನ ಪತ್ರಿಕೆಯೊಂದು ಹೊಗಳಿದೆ ಎಂದು ಸಂಸತ್ತಿನ ಮೇಲ್ಮನೆಯಲ್ಲೇ ಹೇಳಿದರು. ಆ ಮುಖಪುಟ ನಕಲಿಯಾಗಿತ್ತು. ಆದರೆ ಅದು ನಕಲಿ ಎಂದು ಎತ್ತಿ ತೋರಿಸಿದ್ದು ಯಾರು? ಪಾಕಿಸ್ತಾನದ್ದೇ ಆದ 'ಡಾನ್' ಪತ್ರಿಕೆ, ತನ್ನದೇ ಉಪ ಪ್ರಧಾನಿಯ ಮಾತನ್ನು ಪರೀಕ್ಷಿಸಿ.

ಈ ಆಕ್ಷೇಪಕ್ಕೆ ಇನ್ನೂ ದೊಡ್ಡ ಉತ್ತರ ನಮ್ಮ ಬೆಳಗಾವಿಯಲ್ಲಿ ಹುಟ್ಟಿದ ಒಬ್ಬರ ಬದುಕಿನಲ್ಲಿದೆ. ಆಂಥೋನಿ ಮಸ್ಕರೇನ್ಹಸ್ 1928ರಲ್ಲಿ ಬೆಳಗಾವಿಯಲ್ಲಿ ಗೋವಾ ಮೂಲದ ಮನೆಯಲ್ಲಿ ಹುಟ್ಟಿದವರು. ಓದಿದ್ದು ಕರಾಚಿಯಲ್ಲಿ, ಪತ್ರಕರ್ತರಾದದ್ದೂ ಅಲ್ಲೇ. 1971ರಲ್ಲಿ ಪೂರ್ವ ಬಂಗಾಳದಲ್ಲಿ ಪಾಕಿಸ್ತಾನ ಸೇನೆ ಎಲ್ಲವನ್ನೂ ಹತೋಟಿಗೆ ತಂದಿದೆ ಎಂದು ಬರೆಸುವುದಕ್ಕಾಗಿ ಸರ್ಕಾರ ಕೆಲವು ಪತ್ರಕರ್ತರನ್ನು ಕರೆದೊಯ್ದಿತು. ಜೊತೆಗೆ ಹೋದವರು ಹೇಳಿದಂತೆ ಬರೆದರು. ಮಸ್ಕರೇನ್ಹಸ್ ಕಂಡದ್ದನ್ನು ಹಾಗೆ ಬರೆಯಲಾರದೆ ಲಂಡನ್ನಿಗೆ ಹೋದರು, ಹೆಂಡತಿ ಮಕ್ಕಳು ಪಾಕಿಸ್ತಾನ ಬಿಟ್ಟು ಹೊರಬರುವ ದಾರಿ ಮಾಡಿಕೊಂಡರು. ಜೂನ್ 13ರಂದು 'ಸಂಡೇ ಟೈಮ್ಸ್' ಅವರ ವರದಿಯನ್ನು ನರಮೇಧ ಎಂಬ ಒಂದೇ ಪದದ ಶೀರ್ಷಿಕೆಯಲ್ಲಿ ಅಚ್ಚು ಹಾಕಿತು. ಆ ವರದಿ ತನ್ನನ್ನು ತೀವ್ರವಾಗಿ ಕಲಕಿತೆಂದು ಇಂದಿರಾ ಗಾಂಧಿ ಆ ಪತ್ರಿಕೆಯ ಸಂಪಾದಕರಿಗೆ ಹೇಳಿದ್ದರು. ಪಾಕಿಸ್ತಾನದಲ್ಲಿ ಮಸ್ಕರೇನ್ಹಸ್ ದ್ರೋಹಿ ಎನಿಸಿಕೊಂಡರು. ನಾವು ಭಾರತೀಯರು ಅವರನ್ನು ಮೆಚ್ಚುತ್ತೇವೆ. ಗಡಿಯಾಚೆಯವರು ತಮ್ಮ ಸರ್ಕಾರದ ಸುಳ್ಳನ್ನು ಬಯಲು ಮಾಡಿದಾಗ ಮೆಚ್ಚುವ ನಾವು, ಈಚೆಯವರು ಸಾಕ್ಷಿ ಕೇಳಿದರೆ ದ್ರೋಹ ಅನ್ನುವುದು ಯಾವ ನ್ಯಾಯ?

ಬಸವಕಲ್ಯಾಣದಲ್ಲಿ ಕುಳಿತವರಿಗೆ ಯುದ್ಧದ ಬಗ್ಗೆ ಏನು ಗೊತ್ತು ಎಂಬ ಮಾತಿಗೆ ಹೆಚ್ಚು ಬರೆಯುವುದು ಬೇಕಿಲ್ಲ. ರಾಜೇಶ್ವರದ ಮೇಲೆ ವಿಮಾನ ಹಾರಿದ್ದನ್ನು ಮೇಲೆ ಹೇಳಿದೆ. ಜಿಲ್ಲಾ ಕೇಂದ್ರದ ವಾಯುಪಡೆ ನೆಲೆಯಲ್ಲಿ ಹಾಕ್ ವಿಮಾನಗಳ ಮೇಲೆ ದೇಶದ ಯುದ್ಧ ಪೈಲಟ್‌ಗಳು ತರಬೇತಿ ಪಡೆಯುತ್ತಾರೆ, ಸೂರ್ಯಕಿರಣ ತಂಡದ ಮನೆಯೂ ಅದೇ. ಸೇನೆಗೆ ಮಕ್ಕಳನ್ನು ಕಳಿಸಿದ ಮನೆಗಳು ನಮ್ಮ ಎರಡೂ ತಾಲೂಕುಗಳಲ್ಲಿವೆ. ಆ ರಾತ್ರಿ ಟಿವಿಯ ಮುಂದೆ ಎಲ್ಲರಿಗಿಂತ ಹೆಚ್ಚು ನಡುಗಿದವರು ಆ ಮನೆಯವರೇ. ಅವರಿಗೆ ಸಲ್ಲಬೇಕಾದದ್ದು ಖಚಿತ ಸುದ್ದಿ.

ಮುಂದಿನ ಆರೋಪ ನನ್ನ ಮೇಲೆ ನೇರವಾಗಿ ಬಂದದ್ದು: "ನೀವು ಒಂದು ಪಕ್ಷದವರು. ಆ ಪಕ್ಷದ ಸುಳ್ಳಿಗೆ ಸಾಕ್ಷಿ ಕೇಳುವುದಿಲ್ಲ."

ನನಗೆ ರಾಜಕೀಯ ಒಲವಿದೆ. ಊರಿಗೆಲ್ಲ ಅದು ಗೊತ್ತು, ಮುಚ್ಚಿಡುವ ಇಚ್ಛೆಯೂ ನನಗಿಲ್ಲ. ಒಂದು ಪಕ್ಷವನ್ನು ಮೆಚ್ಚುವವನು ಸಾಕ್ಷಿ ಕೇಳಬಾರದೆಂಬ ನಿಯಮವಿದ್ದರೆ ಈ ದೇಶದಲ್ಲಿ ಮತದಾರರು ಯಾರೂ ಬಾಯಿ ತೆರೆಯುವಂತಿಲ್ಲ. ಕೇಳಬೇಕಾದದ್ದು, ಅಳತೆ ಎರಡೂ ಕಡೆಗೆ ಒಂದೇ ಇದೆಯೇ ಎಂದು. ಕುಡುಪು ಪ್ರಕರಣದಲ್ಲಿ ಅವಸರದ ಮಾತಾಡಿದ ಗೃಹ ಸಚಿವರು ನನ್ನ ಒಲವಿನ ಪಕ್ಷವಾದ ಕಾಂಗ್ರೆಸ್ಸಿನವರು. ಆ ಮಾತು ತಪ್ಪು. 2024ರ ಫೆಬ್ರುವರಿಯಲ್ಲಿ ರಾಜ್ಯಸಭಾ ಚುನಾವಣೆಯ ಫಲಿತಾಂಶ ಬಂದ ದಿನ ವಿಧಾನಸೌಧದಲ್ಲಿ ಪಾಕಿಸ್ತಾನ ಪರ ಘೋಷಣೆ ಕೇಳಿಬಂತೆಂದು ಚಾನೆಲ್‌ಗಳು ಹೇಳಿದಾಗ, ಕೇಳುವ ಮೊದಲೇ ಅದು ತಿರುಚಿದ ಧ್ವನಿ ಎಂದವರು ಕಾಂಗ್ರೆಸ್ಸಿನವರು. ಆಮೇಲೆ ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಬಂತು, ಅದೇ ಸರ್ಕಾರದ ಪೊಲೀಸರು ಮೂವರನ್ನು ಬಂಧಿಸಿದರು. ಅಲ್ಲಿ ಸಾಕ್ಷಿಯ ಬಲ ಇದ್ದದ್ದು ಚಾನೆಲ್‌ಗಳ ಕಡೆ. ಒಪ್ಪಬೇಕು, ಒಪ್ಪುತ್ತೇನೆ.

2025ರ ಮೇ ಮಧ್ಯದಲ್ಲಿ ಹರಿದಾಡಿದ ಇನ್ನೊಂದು ಸುಳ್ಳು ನಮ್ಮ ರಾಜ್ಯದ್ದೇ. ಕರ್ನಲ್ ಖುರೇಷಿಯವರ ಗಂಡನ ಮನೆ ಬೆಳಗಾವಿ ಜಿಲ್ಲೆ ಗೋಕಾಕ ತಾಲೂಕಿನ ಕೊಣ್ಣೂರು. ಆ ಮನೆಯ ಮೇಲೆ ಆರ್‌ಎಸ್‌ಎಸ್‌ನವರು ದಾಳಿ ಮಾಡಿದರೆಂದು ಯಾರೋ ಹಬ್ಬಿಸಿದರು. ಬಿಜೆಪಿಯನ್ನು ವಿರೋಧಿಸುವ ಎಷ್ಟೋ ಜನ ಅದನ್ನು ಹಿಂದುಮುಂದು ನೋಡದೆ ಹಂಚಿದರು. ಅಂಥ ಯಾವ ಘಟನೆಯೂ ನಡೆದಿಲ್ಲವೆಂದು ಬೆಳಗಾವಿ ಪೊಲೀಸ್ ವರಿಷ್ಠಾಧಿಕಾರಿ ಹೇಳಿದರು. ಯುದ್ಧದ ಬೇಗೆ ಆರದ ಆ ದಿನಗಳಲ್ಲಿ ಊರೊಂದಕ್ಕೆ ಬೆಂಕಿ ಹಚ್ಚಲು ಅಷ್ಟು ಸಾಕಿತ್ತು. ಕರಾಚಿಯ ಸುಳ್ಳನ್ನು ಖಂಡಿಸಿ ಕೊಣ್ಣೂರಿನ ಸುಳ್ಳನ್ನು ಬಿಟ್ಟರೆ ನನ್ನ ಮಾತಿಗೆ ಕಿಮ್ಮತ್ತಿಲ್ಲ. ಆದ್ದರಿಂದ ಎರಡನ್ನೂ ಒಂದೇ ಜಾಗದಲ್ಲಿ ಇಡುತ್ತೇನೆ.

ಹಾಗೆಂದು ಸುಳ್ಳಿಗೆ ಮದ್ದು ಸರ್ಕಾರದ ಕೈಗೆ ಬೀಗ ಕೊಡುವುದು ಎಂದು ನಾನು ನಂಬುವುದಿಲ್ಲ. ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಎಂಟು ಸಾವಿರದಷ್ಟು ಖಾತೆಗಳನ್ನು ತಡೆಯಲು ಎಕ್ಸ್ ಸಂಸ್ಥೆಗೆ ಹೇಳಿತು. 'ದಿ ವೈರ್' ಸುದ್ದಿ ತಾಣವನ್ನೂ ಕೆಲಕಾಲ ತಡೆಹಿಡಿಯಿತು. ಇಸ್ಲಾಮಾಬಾದ್ ಗೆದ್ದವರ ಮೈಕಿಗೆ ಮಾತ್ರ ಏನೂ ಆಗಲಿಲ್ಲ. ಅದರ ಮರು ತಿಂಗಳೇ ನಮ್ಮ ರಾಜ್ಯ ಸರ್ಕಾರ ತಪ್ಪು ಮಾಹಿತಿ ಮತ್ತು ಸುಳ್ಳು ಸುದ್ದಿ ತಡೆಗೆ ಒಂದು ಮಸೂದೆಯ ಕರಡು ತಯಾರಿಸಿತು. ಸುಳ್ಳು ಯಾವುದೆಂದು ಹೇಳುವ ಅಧಿಕಾರ ಸರ್ಕಾರ ನೇಮಿಸಿದ ಪ್ರಾಧಿಕಾರಕ್ಕೆ, ಶಿಕ್ಷೆ ಏಳು ವರ್ಷದವರೆಗೆ ಜೈಲು. ನಾನು ಅದನ್ನೂ ವಿರೋಧಿಸುತ್ತೇನೆ. 1975ರಲ್ಲಿ ಪತ್ರಿಕೆಗಳ ಮೇಲೆ ಹೇರಿದ ಸೆನ್ಸಾರ್ ಯಾವ ಪಕ್ಷದ್ದೆಂದು ನನಗೆ ಯಾರೂ ನೆನಪಿಸಬೇಕಿಲ್ಲ. ಅಧಿಕಾರದಲ್ಲಿರುವವರು ಸತ್ಯಕ್ಕೆ ಠಸ್ಸೆ ಒತ್ತುವ ಕಚೇರಿ ತೆರೆದರೆ, ಅದರ ಕುರ್ಚಿಯಲ್ಲಿ ಯಾರು ಕೂರುತ್ತಾರೆಂಬುದು ಪ್ರತಿ ಐದು ವರ್ಷಕ್ಕೆ ಬದಲಾಗುತ್ತದೆ.

ಪಕ್ಷಕ್ಕೊಂದು ಕಥೆ ಇರುವುದು ಕಲ್ಯಾಣಕ್ಕೆ ಹೊಸತೂ ಅಲ್ಲ. ಇಲ್ಲಿ ಆಳಿದ ಬಿಜ್ಜಳನ ಸಾವನ್ನು ಜೈನ ಕೃತಿ ಒಂದು ಬಗೆಯಲ್ಲಿ ಹೇಳುತ್ತದೆ, ಹೊಣೆಯನ್ನು ಬಸವಣ್ಣನವರ ಮೇಲೆ ಹಾಕುತ್ತದೆ. ವೀರಶೈವ ಪುರಾಣಗಳು ಜಗದೇವ, ಮೊಲ್ಲೆ ಬೊಮ್ಮಯ್ಯರ ಹೆಸರು ಹೇಳುತ್ತವೆ. ಇತಿಹಾಸಕಾರರು ಎರಡನ್ನೂ ಶಾಸನಗಳ ಎದುರಿಗೆ ಇಟ್ಟು ತೂಗುತ್ತ ಬಂದಿದ್ದಾರೆ. ಎಂಟುನೂರಕ್ಕೂ ಹೆಚ್ಚು ವರ್ಷದ ಹಿಂದಿನ ಒಂದು ಕೊಲೆಗೆ ಇಷ್ಟು ಶ್ರದ್ಧೆಯಿಂದ ಸಾಕ್ಷಿ ಹುಡುಕುವುದನ್ನು ನಮ್ಮ ಶರಣ ಸಾಹಿತ್ಯದ ಗೋಷ್ಠಿಗಳಲ್ಲಿ ಎಲ್ಲರೂ ಒಪ್ಪುತ್ತೇವೆ. ನಿನ್ನೆಯ ಯುದ್ಧಕ್ಕೆ ಬೇಡವೆನ್ನಲು ಕಾರಣವೇ ಇಲ್ಲ.

ಕೊನೆಯ ಆಕ್ಷೇಪ ನನ್ನನ್ನು ನಿಜವಾಗಿ ತಟ್ಟಿದ್ದು. "ಗೋರ್ಟಾದ ಬಗ್ಗೆ ಒಂದು ಮಾತು ಬರೆಯದವರು ಪೂಂಚ್‌ಗೆ ಕಣ್ಣೀರು ಹಾಕಬೇಡಿ" ಎಂದು ಒಬ್ಬರು ಬರೆದರು.

ಗೋರ್ಟಾದ ಬಗ್ಗೆ ಬರೆಯುತ್ತೇನೆ. 1948ರ ಮೇ ತಿಂಗಳಲ್ಲಿ ರಜಾಕಾರರು ನಮ್ಮ ಪಕ್ಕದ ಗೋರ್ಟಾ ಹಳ್ಳಿಗೆ ನುಗ್ಗಿ ಜನರನ್ನು ಕೊಂದರು, ಮನೆಗಳನ್ನು ಲೂಟಿ ಮಾಡಿದರು. ಸತ್ತವರು ಇನ್ನೂರಕ್ಕೂ ಹೆಚ್ಚು ಎಂದು ನಮ್ಮ ಕಡೆ ಹೇಳುತ್ತ ಬಂದಿದ್ದಾರೆ. ದಶಕಗಳ ಕಾಲ ಆ ಊರಿನ ನೋವಿಗೆ ರಾಜ್ಯದಲ್ಲಿ ಸಿಗಬೇಕಾದ ಜಾಗ ಸಿಗಲಿಲ್ಲ. ಪಠ್ಯಪುಸ್ತಕದಲ್ಲಿ ಜಲಿಯನ್‌ವಾಲಾಬಾಗ್ ಓದಿದ ನಮ್ಮ ಮಕ್ಕಳಿಗೆ ಪಕ್ಕದ ಗೋರ್ಟಾ ಗೊತ್ತಿರಲಿಲ್ಲ. ಅದು ತಪ್ಪೇ, ಅದರಲ್ಲಿ ನನ್ನ ಒಲವಿನ ಪಕ್ಷದ ಪಾಲು ದೊಡ್ಡದು. 2023ರ ಮಾರ್ಚ್ 26ರಂದು ಕೇಂದ್ರ ಗೃಹ ಸಚಿವ ಅಮಿತ್ ಶಾ ಅಲ್ಲಿ 103 ಅಡಿ ಎತ್ತರದ ಧ್ವಜಸ್ತಂಭದಲ್ಲಿ ರಾಷ್ಟ್ರಧ್ವಜ ಹಾರಿಸಿ ಸ್ಮಾರಕ ಉದ್ಘಾಟಿಸಿದರು. ವಿಧಾನಸಭಾ ಚುನಾವಣೆ ಎದುರಿಗೇ ಇತ್ತೆಂಬ ಕಾರಣಕ್ಕೆ ಆ ಸ್ಮಾರಕವನ್ನು ತಳ್ಳಿಹಾಕುವವರ ಜೊತೆ ನಾನಿಲ್ಲ. ಸ್ಮಾರಕ ಅಲ್ಲಿ ಇರಬೇಕು. ಯಾರು ಕಟ್ಟಿದರೂ ಇರಬೇಕು.

ಆದರೆ ಗೋರ್ಟಾದ ಮೇ ತಿಂಗಳಿಗೆ ನಿಲ್ಲುವ ಕಥೆ ಪೂರ್ತಿ ಕಥೆಯಲ್ಲ. ಪೊಲೀಸ್ ಆಕ್ಷನ್ ಎಂದು ಕರೆಯುವ ಸೆಪ್ಟೆಂಬರ್‌ನ ಆ ಸೇನಾ ಕಾರ್ಯಾಚರಣೆ ಆದ ಮೇಲಿನ ವಾರಗಳಲ್ಲಿ ಮುಸಲ್ಮಾನರ ಮೇಲೆ ಸೇಡು ಹೊರಟಿತು. ರಜಾಕಾರರ ಜೊತೆ ಇದ್ದವರು, ಇಲ್ಲದವರು ಎಂಬ ಭೇದ ಉಳಿಯಲಿಲ್ಲ. ಇದನ್ನು ತಿಳಿಯಲು ಜವಾಹರಲಾಲ್ ನೆಹರೂ ಅವರ ಸರ್ಕಾರವೇ ಪಂಡಿತ್ ಸುಂದರ್‌ಲಾಲ್, ಕಾಜಿ ಅಬ್ದುಲ್ ಗಫಾರ್ ಮುಂತಾದವರನ್ನು ಕಳಿಸಿತು. 1948ರ ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಅವರು ಸಂಸ್ಥಾನವನ್ನು ಸುತ್ತಿದರು. ತೀರ ಕಡಿಮೆ ಅಂದಾಜಿನಲ್ಲೂ 27 ಸಾವಿರದಿಂದ 40 ಸಾವಿರ ಜನ ಸತ್ತಿದ್ದಾರೆ ಎಂದು ವರದಿ ಕೊಟ್ಟರು. ಎಲ್ಲಕ್ಕಿಂತ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗ, ಬೀದರ್, ನಾಂದೇಡ. ಕೆಲವೆಡೆ ಸಮವಸ್ತ್ರದವರೂ ಲೂಟಿಯಲ್ಲಿ ಸೇರಿಕೊಂಡರೆಂದು ಬರೆದ ಅದೇ ವರದಿ ರಜಾಕಾರರ ಅಪರಾಧಗಳನ್ನೂ ಮುಚ್ಚಿಡಲಿಲ್ಲ. ಅದರಲ್ಲಿರುವ ಇನ್ನೊಂದು ಸಂಗತಿ ನನಗೆ ಮುಖ್ಯ: ಕೆಲವು ಊರುಗಳಲ್ಲಿ ಹಿಂದೂ ನೇಕಾರರು ತಮ್ಮ ಕಸುಬಿನ ಮುಸ್ಲಿಂ ನೇಕಾರರನ್ನು ಗುಂಪುಗಳಿಂದ ಕಾಪಾಡಲು ಹೋಗಿ ತಾವೇ ಪ್ರಾಣ ಕೊಟ್ಟರು. ಸರ್ದಾರ್ ಪಟೇಲರು ವರದಿಯನ್ನು ಒಪ್ಪಲಿಲ್ಲ. ಸರ್ಕಾರ ಅದನ್ನು ಪ್ರಕಟಿಸಲಿಲ್ಲ. ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದು ಜನರ ಕಣ್ಣಿಗೆ ಸಿಕ್ಕಿದ್ದು 2013ರ ಹೊತ್ತಿಗೆ.

ಅರವತ್ತಕ್ಕೂ ಹೆಚ್ಚು ವರ್ಷ ಮುಚ್ಚಿಟ್ಟ ಕಾಗದವೊಂದು ಈ ಜಿಲ್ಲೆಗೆ ಏನು ಮಾಡಿತೆಂದು ನಮ್ಮ ಸುತ್ತಲೇ ಕಾಣುತ್ತದೆ. ಒಂದು ಓಣಿಯಲ್ಲಿ ಗೋರ್ಟಾದ ಕಥೆ ಮಾತ್ರ ಹೇಳುತ್ತಾರೆ. ಇನ್ನೊಂದು ಓಣಿಯಲ್ಲಿ ಪೊಲೀಸ್ ಆಕ್ಷನ್ ಕಥೆ ಮಾತ್ರ ಹೇಳುತ್ತಾರೆ, ಅದೂ ಬಾಗಿಲು ಹಾಕಿಕೊಂಡು. ಎರಡೂ ನಿಜ. ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಆದರೆ ಪ್ರತಿ ಸೆಪ್ಟೆಂಬರ್ 17ಕ್ಕೆ ವೇದಿಕೆ ಏರುವವರು ತಮಗೆ ಮತ ತರುವ ಅರ್ಧವನ್ನು ಎತ್ತಿಕೊಂಡು ಹೋಗುತ್ತಾರೆ, ನನ್ನ ಒಲವಿನ ಪಕ್ಷದವರೂ. ಬರೆದಿಟ್ಟ, ಎಲ್ಲರೂ ಒಪ್ಪಬಹುದಾದ ದಾಖಲೆ ಊರಿನಲ್ಲಿಲ್ಲ, ಹಾಗಾಗಿ ಬಾಯಿಂದ ಬಾಯಿಗೆ ಸಂಖ್ಯೆ ಬೆಳೆಯುತ್ತದೆ, ಸಿಟ್ಟೂ ಬೆಳೆಯುತ್ತದೆ. ಯುದ್ಧದ ಸುದ್ದಿಯನ್ನು ಆಗಲೇ, ಹಸಿಯಾಗಿರುವಾಗಲೇ ಸಾಕ್ಷಿಸಮೇತ ಕೇಳಬೇಕೆಂದು ನಾನು ಹಟ ಹಿಡಿಯುವುದು ಇದೇ ಕಾರಣಕ್ಕೆ. ಮುಂದೆ ಯಾವಾಗಲಾದರೂ ಕೇಳೋಣ ಎಂದವರ ಮಕ್ಕಳು, ಮೊಮ್ಮಕ್ಕಳು ನಾವು.

ಆದ್ದರಿಂದ ಆ ಮಿತ್ರರಿಗೆ ನನ್ನ ಉತ್ತರ ಒಂದು ಕೆಲಸದ ರೂಪದಲ್ಲಿದೆ. 1948ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತರ ಹತ್ತಿರ. ಇನ್ನು ಕೆಲವೇ ವರ್ಷ, ಆಮೇಲೆ ಕೇಳಲು ಯಾರೂ ಇರುವುದಿಲ್ಲ. ಊರೂರಿಗೆ ಹೋಗಿ ಅವರ ಮಾತನ್ನು ಧ್ವನಿಮುದ್ರಿಸಿ, ಸತ್ತವರ ಹೆಸರು, ತಂದೆಯ ಹೆಸರು, ಕಸುಬು, ಸತ್ತ ತಿಂಗಳು ಎಲ್ಲವನ್ನೂ ಬರೆಯೋಣ. ಒಬ್ಬರ ಮಾತಿಗೆ ಇನ್ನಿಬ್ಬರ ಮಾತು ಹೊಂದಿದರೆ ಮಾತ್ರ ಪಟ್ಟಿಗೆ ಸೇರಲಿ. ಹೊಂದದಿದ್ದರೆ ಹೊಂದಲಿಲ್ಲವೆಂದೇ ಬರೆದಿಡೋಣ. ಮೊದಲು ಗೋರ್ಟಾ. ಆಮೇಲೆ ರಾಜೇಶ್ವರದಿಂದ ಹುಮನಾಬಾದಿನವರೆಗಿನ ದಾರಿಯ ಹಳ್ಳಿಗಳು, ಎರಡೂ ಓಣಿ. ನನ್ನನ್ನು ವಿರೋಧಿಸಿ ಬರೆದವರಲ್ಲಿ ಮಾಸ್ತರರಿದ್ದಾರೆ, ವಕೀಲರಿದ್ದಾರೆ. ಸಾಕ್ಷಿ ಹೇಗೆ ದಾಖಲಿಸಬೇಕೆಂದು ನನಗಿಂತ ಅವರೇ ಚೆನ್ನಾಗಿ ಬಲ್ಲರು. ಗೋರ್ಟಾಕ್ಕೆ ಯಾವ ದಿನ ಹೋಗೋಣ ಎಂದು ಅವರು ತಿಳಿಸಿದರೆ ಸಾಕು, ನಾನು ಬರುತ್ತೇನೆ.